ನಿಂಗಣ್ಣನ ಜಪಾನಿ ದೆವ್ವ

ದೆವ್ವದ ಪಟ ತೋರಿಸುವ ಮುಂಚೆ ನಿಂಗಣ್ಣ ಕೈಕಾಲು ತೊಳೆದು, ಪಂಚೆಗೆ ಒರೆಸಿಕೊಂಡು ಕೂರುತ್ತಿದ್ದ. ದೇವರ ಪಟಕ್ಕೂ ಅವನು ಅಷ್ಟು ಮರ್ಯಾದೆ ಕೊಟ್ಟವನಲ್ಲ.

ಎಪ್ಪತ್ತೆರಡನೇ ಇಸವಿಯಲ್ಲಿ ನಾನು ಹೊಳಲು ಊರಿಗೆ ಮೇಷ್ಟರಾಗಿ ಬಂದಾಗ ಅವನದು ಪಕ್ಕದ ಮನೆ. ಹಿಂದೆ, ಭತ್ತದ ಸಾಲು ನಾಟಿ ಕಲಿಸಲು ಮಂಡ್ಯಕ್ಕೆ ಬಂದಿದ್ದ ಜಪಾನಿ ಸಾಹೇಬರೊಬ್ಬರ ಗದ್ದೆಯಲ್ಲಿ ಆಳಾಗಿದ್ದನಂತೆ. ಅವರು ಹೊರಡುವಾಗ ಕೊಟ್ಟ ನಾಲ್ಕು ಚಿತ್ರಕಥೆ ಪುಸ್ತಕಗಳೇ ಅವನ ಆಸ್ತಿ. ಕನ್ನಡವನ್ನೇ ಕೂಡಿಸಿ ಓದುವವನಿಗೆ ಜಪಾನಿ ಎಲ್ಲಿಂದ ಬರಬೇಕು? ಪಟ ನೋಡಿಕೊಂಡೇ ಕಥೆ ಹೇಳುತ್ತಿದ್ದ.

ಒಂದು ಭಾನುವಾರ ಜಗಲಿಯ ಮೇಲೆ ಆ ದೆವ್ವದ ಪಟ ಮೊದಲು ನೋಡಿದಾಗ ನನ್ನ ಜೀವ ಬಾಯಿಗೆ ಬಂತು. ಕೆರೆಯಿಂದ ಎದ್ದ ಹೆಂಗಸು. ಮುಖವೆಲ್ಲ ಕೂದಲು, ಸಂದಿಯಲ್ಲಿ ಒಂದೇ ಕಣ್ಣು. ಬಾಯಿಯ ಹೊರಗೆ ನೇತಾಡುವ ಪುಟ್ಟ ಕಾಲು. ಥೂ ಎಂದು ಪುಸ್ತಕ ಮುಚ್ಚಿಬಿಟ್ಟೆ.

"ಎದರ್ಕಬ್ಯಾಡಿ ಮೇಷ್ಟ್ರೇ, ವಸಿ ತಡೀರಿ. ಒಂದೇ ಗೆರೇಲಿ ಎದೆ ನಡುಗುಸ್ತನೆ ಪಟ ಬರ್ದ ಪುಣ್ಯಾತ್ಮ. ಆದ್ರೆ ಕೊನೇಲಿ ಕೈ ಬುಡಾಕಿಲ್ಲ."

ನಿಜವೇ. ಪುಟ ತಿರುವಿದಂತೆ ದೆವ್ವ ಹುಡುಗಿಯನ್ನು ಉಗುಳಿತು, ಹುಡುಗಿ ಕೆರೆಯಿಂದ ಮೇಲೆ ಬಂದಳು, ಮನೆಗೆ ನಡೆದು ಅವ್ವನ ಪಕ್ಕ ಉಣ್ಣಲು ಕೂತಳು. ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಅವನ ಹೆಂಡತಿ ಜಯಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದಳು. ಅವರ ಒಬ್ಬಳೇ ಮಗಳು ಏಳನೇ ವಯಸ್ಸಿನಲ್ಲಿ ನಾಲೆಗೆ ಬಿದ್ದು ಸತ್ತುಹೋಗಿದ್ದಳು. ಪ್ರತಿ ಭಾನುವಾರವೂ ಇದೇ ಕಥೆ, ಇದೇ ಕಣ್ಣೀರು.

ಪುಸ್ತಕಗಳ ಮೂಲೆಗಳೆಲ್ಲ ಮೊಂಡಾಗಿದ್ದವು. "ಇಲಿ ತಿಂದವೆ," ಎನ್ನುತ್ತಿದ್ದ. ಒಮ್ಮೆ ದೆವ್ವದ ಪುಸ್ತಕದಲ್ಲಿ ಒಳಕ್ಕೆ ಮಡಚಿಕೊಂಡಿದ್ದ ಒಂದು ಮೂಲೆಯನ್ನು ಸುಮ್ಮನೆ ಬಿಡಿಸಿದೆ. ಅಲ್ಲಿ ಪುಟದ ಅಂಕಿ ಇತ್ತು: ನಲವತ್ತೆರಡು. ಹಾಳೆ ತಿರುವಿದರೆ ನಲವತ್ತೊಂದು! ಜಪಾನಿ ಪುಸ್ತಕ ಹಿಂದಿನ ರಟ್ಟಿನಿಂದ ಶುರುವಾಗುತ್ತಿತ್ತು. ಹುಡುಗಿ ಅವ್ವನ ಪಕ್ಕ ಉಂಡು ಎದ್ದು, ಕೆರೆಗೆ ಹೋಗಿ, ದೆವ್ವದ ಬಾಯಿಗೆ ಬಿದ್ದು ಸತ್ತಿದ್ದಳು.

"ನಿಂಗಣ್ಣ, ಇದು ಉಲ್ಟಾ..." ಎನ್ನುವಷ್ಟರಲ್ಲಿ ಅವನು ನನ್ನ ಬಾಯಿ ಮುಚ್ಚಿದ. ಒಳಗೆ ಜಯಮ್ಮ ರಾಗಿ ಬೀಸುತ್ತಿದ್ದಳು.

"ಮೆತ್ಗೆ! ಉಲ್ಟಾ ಅಂತ ಸಾಯೇಬ್ರು ಕೊಡೋವಾಗ್ಲೇ ಏಳವ್ರೆ. ಮೂಲೆ ಕತ್ರುಸ್ದೋನು ನಾನೇಯ. ಅವಳ್ಗೆ ಗೊತ್ತಾಗ್ಬಾರ್ದು ಕಣ್ರೀ."

ತಪ್ಪು ತಿದ್ದುವ ಮೇಷ್ಟರಾಗಿದ್ದಕ್ಕೆ ಆ ಹೊತ್ತು ನನಗೆ ನಾಚಿಕೆಯಾಯಿತು. ಆಮೇಲೆ ನಾನೂ ಎಷ್ಟೋ ಭಾನುವಾರ ಬಾಯಿ ಮುಚ್ಚಿಕೊಂಡು ಕಥೆ ಕೇಳಿದೆ.

ಎರಡು ವರ್ಷದ ಮೇಲೆ ನಿಂಗಣ್ಣ ಜ್ವರದಲ್ಲಿ ತೀರಿಕೊಂಡ. ತಿಥಿ ಮುಗಿದ ಮೊದಲ ಭಾನುವಾರ ಜಯಮ್ಮ ದೆವ್ವದ ಪುಸ್ತಕ ತಂದು ನನ್ನ ಮುಂದಿಟ್ಟು, "ಕತೆ ಏಳಿ ಮೇಷ್ಟ್ರೇ, ಅವ್ರು ಏಳ್ತಿದ್ದಂಗೆ," ಎಂದಳು. ನಾನು ಗಡಿಬಿಡಿಯಲ್ಲಿ ತಪ್ಪಿ ಹಿಂದಿನ ರಟ್ಟು ತೆರೆದೆ. ಜಯಮ್ಮ ಪುಸ್ತಕ ಕಿತ್ತುಕೊಂಡು, ಮಗುಚಿ, ಮತ್ತೆ ನನ್ನ ಕೈಗಿಟ್ಟಳು.

"ಆ ಕಡೆಯಿಂದ ಬ್ಯಾಡಿ. ಅಂಗೂ ನಾನು ನೋಡಿವ್ನಿ," ಎಂದಳು. "ಅವ್ರಿಗೆ ಏಳಿರ್ನಿಲ್ಲ, ಅಷ್ಟೇಯ."