ತಾರಸಿಯ ಬಟ್ಟೆಗೊಂದು ಫೋನು

ಮಕ್ಕಳೇ, ನಿಮ್ಮ ತಾತ ನನ್ನನ್ನು ಕಂಡು ಒಂದು ಮಾತು ಹೇಳುತ್ತಿದ್ದರು: ಇವಳ ದನಿ ಕೇಳಬೇಕಾದರೆ ಕೋಳಿ ಓಡಿಸುವ ಹೊತ್ತಿಗೆ ಬರಬೇಕು ಅಂತ. ಸುಳ್ಳಲ್ಲ. ಊರ ಶಾಲೆಗೆ ಇನ್‌ಸ್ಪೆಕ್ಟರು ಬಂದ ದಿನ ಪದ್ಯ ಹೇಳಲು ಎಬ್ಬಿಸಿದರೆ ಸ್ಲೇಟನ್ನು ಮುಖಕ್ಕೆ ಅಡ್ಡ ಹಿಡಿದು ನಿಂತವಳು ನಾನು. ಮದುವೆಯಾಗಿ ಹೆಬ್ಬಗೋಡಿಗೆ ಬಂದ ಮೇಲೆ ಮಾವನವರ ಎದುರು ಬಾಯಿ ತೆರೆದದ್ದು ಬೆರಳಲ್ಲಿ ಎಣಿಸುವಷ್ಟು ಸಲ. ಅಂಥ ನನ್ನ ದನಿ ಒಂದು ದಿನ ಎಲೆಕ್ಟ್ರಾನಿಕ್ ಸಿಟಿಯ ಗಾಜಿನ ಕಟ್ಟಡದೊಳಗೆ ಓದಿದವರ ಎದುರು ಮೊಳಗಿತು. ನಿಮ್ಮ ಅಪ್ಪ ಅಮ್ಮಂದಿರನ್ನು ಕೇಳಿದರೆ ಅರ್ಧ ಹೇಳುವಷ್ಟರಲ್ಲಿ ನಗಲು ಶುರು ಮಾಡುತ್ತಾರೆ. ಅದಕ್ಕೇ ನಾನೇ ಬರೆದಿಡುತ್ತಿದ್ದೇನೆ.

ಹೊಲವೆಲ್ಲ ಕಾರ್ಖಾನೆಗಳಿಗೆ ಹೋದ ಮೇಲೆ ನಿಮ್ಮ ತಾತ ಉಳಿದ ಜಾಗದಲ್ಲಿ ಸಾಲಾಗಿ ಐದು ಬಾಡಿಗೆ ಮನೆ, ನಮ್ಮ ಮನೆಯ ಮೇಲೊಂದು ಮನೆ ಕಟ್ಟಿಸಿದ್ದರು. ಎಲ್ಲರಿಗೂ ಸೇರಿ ತಾರಸಿ ಒಂದೇ. ಸಾಲುಮನೆಯ ಹೆಂಗಸರು ಹೆಚ್ಚಿನವರು ಗಾರ್ಮೆಂಟ್ಸ್‌ಗೆ ಹೋಗುವವರು. ಬೆಳಿಗ್ಗೆ ಎಂಟರೊಳಗೆ ಬಟ್ಟೆ ಒಗೆದು, ತಾರಸಿಯ ತಂತಿಗೆ ಹಾಕಿ, ಬುತ್ತಿ ಹಿಡಿದು ಓಡುತ್ತಿದ್ದರು. ಮಳೆ ಬಂದರೆ ಬಟ್ಟೆ ತೆಗೆಯುವವಳು ನಾನು. ಹಾಗೆಂದು ಯಾರೂ ಯಾರಿಗೂ ಹೇಳಿರಲಿಲ್ಲ. ಒಮ್ಮೆ ತೆಗೆದೆ, ಹಾಗೇ ನಡೆದುಕೊಂಡು ಬಂತು. ಒಂದೊಂದು ಮನೆಗೆ ಒಂದೊಂದು ಬಣ್ಣದ ಕ್ಲಿಪ್ಪು ಕೊಡಿಸಿದ್ದೆ. ನೀಲಿ ಕ್ಲಿಪ್ಪಿನ ಬಟ್ಟೆ ಮೊದಲನೇ ಮನೆಯ ಕಿಟಕಿಗೆ, ಕೆಂಪು ಎರಡನೆಯದಕ್ಕೆ, ಹೀಗೆ ಮಡಚಿ ಇಟ್ಟು ಬರುತ್ತಿದ್ದೆ. ಮಾತಿಲ್ಲದೆ ಮಾಡಬಹುದಾದ ಉಪಕಾರವಾದ್ದರಿಂದ ಅದು ನನಗೆ ಇಷ್ಟದ ಕೆಲಸ.

ಮೇಲಿನ ಮನೆಗೆ ತಿಪಟೂರು ಕಡೆಯ ಗಂಡ ಹೆಂಡತಿ ಬಂದಿದ್ದರು. ಗಂಡ ಬೊಮ್ಮಸಂದ್ರದ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರು. ಹುಡುಗಿ ಕಂಪ್ಯೂಟರ್ ಕೆಲಸದಲ್ಲಿದ್ದವಳು, ಹೆರಿಗೆಗೆಂದು ಬಿಟ್ಟಿದ್ದಳು. ಮಗಳಿಗೆ ಒಂದೂವರೆ ವರ್ಷವಾದಾಗ ಮತ್ತೆ ಕೆಲಸ ಹುಡುಕಿದರೆ, ಹೋದಲ್ಲೆಲ್ಲ ಇಷ್ಟು ದಿನ ಏನು ಮಾಡುತ್ತಿದ್ದಿರಿ ಅಂತ ಕೇಳುವುದೇ ಆಯಿತು. ಮಗು ಸಾಕುತ್ತಿದ್ದೆ ಅಂದರೆ ಅವರಿಗೆ ಅದು ಉತ್ತರವಲ್ಲ. ಕೊನೆಗೆ ಒಂದು ಸಣ್ಣ ಕಂಪನಿಯವರು, ಮೂರು ವಾರ ಕೊಡುತ್ತೇವೆ, ಬೇರೆ ಬೇರೆ ಕಡೆಯ ಸೇವೆಗಳನ್ನು ಕೂಡಿಸಿ ನೀವೇ ಏನಾದರೂ ಮಾಡಿಕೊಂಡು ಬನ್ನಿ, ಅದರಿಂದ ಯಾರಿಗಾದರೂ ನಿಜವಾಗಿ ಉಪಯೋಗವಾಗಬೇಕು ಅಂದರಂತೆ. ಅತ್ತೆ ಆಗಲೇ ಹೇಳಿ ಕಳಿಸಿದ್ದರು: ಇದೂ ಆಗದಿದ್ದರೆ ಮಗುವನ್ನು ಕಟ್ಟಿಕೊಂಡು ಊರಿಗೆ ಬಂದುಬಿಡು, ಅವನು ರೂಮು ಮಾಡಿಕೊಂಡು ಇರಲಿ. ಅವಳು ಮೆಟ್ಟಿಲ ಮೇಲೆ ಕೂತು ನನಗೆ ಇದನ್ನೆಲ್ಲ ಹೇಳುವಾಗ ಮಗು ನನ್ನ ಮಡಿಲಲ್ಲಿ ಕ್ಲಿಪ್ಪುಗಳನ್ನು ಜೋಡಿಸುತ್ತಿತ್ತು. ಅದು ಹೊರಟುಹೋದರೆ ಅಂತ ನೆನೆದು ಅದನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡೆ.

ಆ ವಾರವೇ ನಾನು ಕಣ್ಣು ತೋರಿಸಲು ಆಸ್ಪತ್ರೆಗೆ ಹೋದ ದಿನ ಮಳೆ ಬಂದು ತಾರಸಿಯ ಬಟ್ಟೆಯೆಲ್ಲ ತೊಪ್ಪೆಯಾಯಿತು. ಮೇಲಿನ ಹುಡುಗಿ ಫ್ಯಾನಿನ ಸದ್ದಿನಲ್ಲಿ ಮಗು ಮಲಗಿಸುತ್ತಿದ್ದಳು. ಕೊನೇ ಮನೆಯಲ್ಲಿ ಬ್ಲೌಸ್ ಹೊಲಿಯುವ ಹೆಂಗಸು ಮನೆಯಲ್ಲೇ ಇದ್ದಳು, ಆದರೆ ಹೊಲಿಗೆ ಮಿಷನ್ನಿನ ಮುಂದೆ ಕೂತರೆ ಅವಳಿಗೆ ಗುಡುಗೂ ಕೇಳುವುದಿಲ್ಲ. ಸಾಲಿನ ಒಬ್ಬಳ ಸಮವಸ್ತ್ರ ಇದ್ದದ್ದೇ ಒಂದು. ಮರುದಿನ ಒದ್ದೆಯದನ್ನೇ ಹಾಕಿಕೊಂಡು ಹೋದಳು. ನನಗೆ ಯಾರೂ ಏನೂ ಅನ್ನಲಿಲ್ಲ, ಅದೇ ಹೆಚ್ಚು ನೋವಾಯಿತು.

ಸಂಜೆ ಹುಡುಗಿ ಇಳಿದು ಬಂದು, "ಅಮ್ಮ, ಮಳೆ ಬರೋಕ್ ಮುಂಚೆ ಮನೇಲಿರೋರಿಗೆಲ್ಲ ಫೋನ್ ಬಂದ್ರೆ ಹೆಂಗಿರುತ್ತೆ? ಅದನ್ನೇ ಮಾಡ್ತೀನಿ" ಅಂದಳು.

ಅವಳು ಅದನ್ನು ಹೇಗೆ ಕಟ್ಟಿದಳು ಅನ್ನುವುದು ನನಗೆ ತಿಳಿದ ಮಟ್ಟಿಗೆ ಹೀಗೆ. ಹವಾಮಾನ ಹೇಳುವವರು ಒಂದು ಕಡೆ ಇದ್ದಾರೆ, ನಕ್ಷೆ ಇಟ್ಟುಕೊಂಡವರು ಇನ್ನೊಂದು ಕಡೆ, ತಾವಾಗಿ ಫೋನು ಮಾಡುವ ಯಂತ್ರದವರು ಮತ್ತೊಂದು ಕಡೆ. ಇವಳು ಇಂಟರ್ನೆಟ್ಟಿನಲ್ಲಿ ಮಾಡಿದ ಪುಟ ಆ ಮೂವರ ಬಾಗಿಲಿಗೂ ಹೋಗಿ ಬೇಕಾದ್ದನ್ನು ಕೇಳಿ ತರಬೇಕು. ಆ ಬಾಗಿಲಿಗೆ ಎಪಿಐ ಅನ್ನುತ್ತಾರಂತೆ. ಒಂದು ಮನೆಯಿಂದ ಮಜ್ಜಿಗೆ, ಒಂದು ಮನೆಯಿಂದ ಕರಿಬೇವು ಕೇಳಿ ತಂದು ನಮ್ಮ ಒಲೆಯ ಮೇಲೆ ಸಾರು ಮಾಡಿದ ಹಾಗೆ. ಅವರ ಅಡುಗೆಮನೆಗೆ ನುಗ್ಗುವ ಹಾಗಿಲ್ಲ. ಬಾಗಿಲಲ್ಲಿ ನಿಂತು, ಅವರು ಹೇಳಿದ ಕ್ರಮದಲ್ಲೇ ಕೇಳಬೇಕು. ಹೆಚ್ಚು ಸಲ ಕೇಳಲೂ ಬಾರದು. ಶುರುವಿನಲ್ಲಿ ಇವಳು ನಿಮಿಷಕ್ಕೊಮ್ಮೆ ಕೇಳಿ ಕೇಳಿ, ಹವಾಮಾನದವರು ಮಧ್ಯಾಹ್ನದೊಳಗೇ ನಾಳೆ ಬನ್ನಿ ಅಂತ ಬಾಗಿಲು ಹಾಕಿಕೊಂಡರು. ನೆರೆಮನೆಯವರೂ ಹಾಗೇ ಅಲ್ಲವೇ ಅಂದೆ. ಅವಳು ನಕ್ಕಳು. ಆಮೇಲೆ ಕಾಲು ಗಂಟೆಗೊಮ್ಮೆ ಕೇಳುವಂತೆ ಬದಲಾಯಿಸಿದಳು.

ನಕ್ಷೆಯಲ್ಲಿ ನಮ್ಮ ಓಣಿಯೇ ಇರಲಿಲ್ಲ. ವಿಳಾಸ ಬರೆದರೆ ನಮ್ಮ ಮನೆಯನ್ನು ಕೆರೆಯೊಳಗೆ ತೋರಿಸುತ್ತಿತ್ತು. ಮೇಲಿಂದ ತೆಗೆದ ಚಿತ್ರ ತೆರೆದು, ನಿಮ್ಮ ಮನೆ ಯಾವುದು ನೀವೇ ತೋರಿಸಿ ಅಂದಳು. ಎಷ್ಟೋ ಹೊತ್ತು ನೋಡಿದ ಮೇಲೆ ಹಳೇ ಹೊಂಗೆ ಮರ ಸಿಕ್ಕಿತು. ಅದರ ನೆರಳಿಂದ ಎಡಕ್ಕೆ ನಮ್ಮ ನೀರಿನ ಟ್ಯಾಂಕು. ಬಲಕ್ಕೆ ನಾವು ರಾಗಿ ಬಿತ್ತುತ್ತಿದ್ದ ಜಾಗದಲ್ಲಿ ಒಂದು ದೊಡ್ಡ ಬಿಳಿ ಚಾವಣಿ. ಬದುಗಳ ಗುರುತೂ ಇಲ್ಲ. ಇಲ್ಲಿ ನಿಮ್ಮ ತಾತ ನೇಗಿಲು ಹೂಡುತ್ತಿದ್ದರು ಅಂತ ಬೆರಳಿಟ್ಟು ಆ ಮಗುವಿಗೆ ತೋರಿಸಿದೆ. ಅದು ನನ್ನ ಸ್ವಂತ ಮೊಮ್ಮಗುವಲ್ಲ ಅನ್ನುವುದು ಆಗ ನೆನಪಾಗಲಿಲ್ಲ.

ಆದರೂ ಮಳೆಯ ಮಾತು ಸುಳ್ಳಾಗುತ್ತಿತ್ತು. ಹವಾಮಾನದವರು ಇಡೀ ಬೆಂಗಳೂರಿಗೆ ಒಂದೇ ಮಾತು ಹೇಳುವವರು. ಅಲ್ಲಿ ಮಳೆ ಅಂದ ದಿನ ಇಲ್ಲಿ ಬಿಸಿಲು, ಬಿಸಿಲು ಅಂದ ದಿನ ಇಲ್ಲಿ ಮಳೆ. ಹುಡುಗಿ ತಲೆ ಹಿಡಿದುಕೊಂಡು ಕೂತಿದ್ದಾಗ ನಾನು ಅಂಜುತ್ತಲೇ ಹೇಳಿದೆ: ನಮಗೆ ಮಳೆ ಪೇಟೆಯಿಂದ ಬರುವುದಿಲ್ಲ, ಆನೇಕಲ್ ಕಡೆಯಿಂದ ಬರುತ್ತದೆ. ಅಲ್ಲಿ ಮೋಡ ಕಟ್ಟಿ, ಗಾಳಿ ತಿರುಗಿ, ಔಷಧದ ಕಾರ್ಖಾನೆಯ ಕಡೆಯಿಂದ ಹುಳಿಹಿಟ್ಟಿನಂಥ ವಾಸನೆ ಬಂತೆಂದರೆ ಇನ್ನು ಅರ್ಧ ಗಂಟೆ. ನಾನು ಬಟ್ಟೆ ತೆಗೆಯುವುದು ಆ ವಾಸನೆ ನೋಡಿಯೇ.

ಅವಳು ಪೆನ್ನು ತೆಗೆದುಕೊಂಡು ಮತ್ತೆ ಹೇಳಿಸಿದಳು. ವಾಸನೆ ಕೇಳುವ ಬಾಗಿಲು ಎಲ್ಲೂ ಇಲ್ಲ, ಆದರೆ ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಅನ್ನುವುದನ್ನು ಹವಾಮಾನದವರು ಹೇಳುತ್ತಾರಂತೆ. ಅಂದಿನಿಂದ ಅವಳ ಪುಟ ಮೊದಲು ಆನೇಕಲ್ಲಿನ ಮಳೆ ಕೇಳಿ, ಆಮೇಲೆ ಗಾಳಿ ಕೇಳಿ, ಎರಡೂ ಹೊಂದಿದರೆ ಮಾತ್ರ ಫೋನು ಮಾಡುವಂತಾಯಿತು. ಹತ್ತು ದಿನದಲ್ಲಿ ತಪ್ಪಿದ್ದು ಎರಡೇ ಸಲ.

ಇಷ್ಟಾದರೂ ಒಂದು ದಿನ ಬಟ್ಟೆ ಮತ್ತೆ ನೆನೆಯಿತು. ಫೋನು ಸರಿಯಾಗಿಯೇ ಬಂದಿತ್ತು. ನಾನು ಸಂತೆಯಲ್ಲಿದ್ದೆ, ಹುಡುಗಿ ಮಗುವಿಗೆ ಚುಚ್ಚುಮದ್ದು ಹಾಕಿಸಲು ಹೋಗಿದ್ದಳು, ಮನೆಯಲ್ಲಿದ್ದವಳು ಬ್ಲೌಸ್ ಹೊಲಿಯುವವಳು ಒಬ್ಬಳೇ. ಯಾಕೆ ಎತ್ತಲಿಲ್ಲ ಅಂತ ಕೇಳಿದರೆ ಅವಳು ಸೂಜಿಗೆ ದಾರ ಪೋಣಿಸುತ್ತಾ ಹೇಳಿದಳು: "ಎತ್ತಿದ್ನಲ್ಲ ಓನರಮ್ಮ. ಯಾವಳೋ ನಮಸ್ಕಾರ ಅಂತ ರಾಗ ಎಳೆದ್ಳು. ಹಾಡು ಹಾಕ್ಸಿ, ಅದು ಹಾಕ್ಸಿ ಅಂತ ಮೊಬೈಲ್ ಕಂಪ್ನಿಯೋರು ದಿನಾ ಪ್ರಾಣ ತಿಂತಾರೆ. ಕಟ್ ಮಾಡ್ಬಿಟ್ಟೆ."

ಹುಡುಗಿ ಆ ಫೋನಿನ ಮಾತನ್ನು ತನ್ನ ದನಿಯಲ್ಲೇ ತುಂಬಿಸಿದ್ದಳು: ನಮಸ್ಕಾರ, ನಿಮ್ಮ ಪ್ರದೇಶದಲ್ಲಿ ಮಳೆಯಾಗುವ ಸಂಭವವಿದೆ. ನಮ್ಮ ಕಡೆ ಯಾರು ಹಾಗೆ ಮಾತಾಡುತ್ತಾರೆ? ಬರಹದಲ್ಲಿ ಕಳಿಸೋಣವೆಂದರೆ ನನ್ನಂಥವರ ಫೋನಿನಲ್ಲಿ ಕನ್ನಡ ಅಕ್ಷರ ಬರೀ ಚೌಕ ಚೌಕವಾಗಿ ಬರುತ್ತಿತ್ತು. ಕಂಪನಿಗೆ ಹೋಗಲು ಉಳಿದದ್ದು ನಾಲ್ಕು ದಿನ.

"ನೀವ್ ಹೇಳಿ ಅಮ್ಮ" ಅಂದಳು. "ನಿಮ್ಮ ದನಿ ಯಾರೂ ಕಟ್ ಮಾಡಲ್ಲ."

ನಾನು ಆಗುವುದಿಲ್ಲ ಅಂದೆ. ಎರಡು ದಿನ ಅವಳ ಕಣ್ಣು ತಪ್ಪಿಸಿ ಓಡಾಡಿದೆ. ಮೂರನೆಯ ದಿನ ನೋಡಿದರೆ ಮೇಲಿನ ಮನೆಯ ಬಾಗಿಲಲ್ಲಿ ಒಂದು ಖಾಲಿ ರಟ್ಟಿನ ಪೆಟ್ಟಿಗೆ. ಅಕ್ಕಿ ಅಂಗಡಿಯಿಂದ ತಂದದ್ದು, ಪಾತ್ರೆ ತುಂಬಿ ಊರಿಗೆ ಹೊರಡಲು. ನಾನು ಕೈ ಒರೆಸಿಕೊಂಡು, ಹುಡುಗಿಯ ಹತ್ತಿರ ಹೋಗಿ, ಫೋನು ಕೊಡು ಅಂದೆ.

ಕೆಳಗಿಳಿದು ನಮ್ಮ ರಾಗಿ ಮೂಟೆ ಇಡುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಐದಾರು ಸಲ ಹೇಳಿದೆ. ಒಮ್ಮೆ ಕೆಮ್ಮು, ಒಮ್ಮೆ ಬರೀ ಉಸಿರು. ಅಚ್ಚುಕಟ್ಟಾಗಿ ಹೇಳಲು ಹೋದಷ್ಟೂ ಆ ಇನ್‌ಸ್ಪೆಕ್ಟರೇ ಎದುರಿಗೆ ನಿಂತ ಹಾಗೆ ಆಗುತ್ತಿತ್ತು. ಕೊನೆಗೆ ಗೋಡೆಗೆ ಮುಖ ಮಾಡಿ, ಅಲ್ಲಿ ಕೊನೇ ಮನೆಯ ಕಿಟಕಿ ಇದೆ, ಒಳಗೆ ಮಿಷನ್ನು ಕಟಕಟ ಅನ್ನುತ್ತಿದೆ, ಅವಳು ತಲೆ ಎತ್ತುತ್ತಿಲ್ಲ ಅಂದುಕೊಂಡೆ. ಕೋಳಿ ಓಡಿಸುವ ದನಿ ತಾನಾಗಿ ಬಂತು: "ಏನಮ್ಮೋ, ಮಿಷನ್ ನಿಲ್ಸು! ಮಳೆ ಬತ್ತಾ ಐತೆ, ಬಟ್ಟೆ ತಕ್ಕೋ ಓಗು!"

ಹುಡುಗಿ ಅದರಲ್ಲಿ ಒಂದಕ್ಷರ ತೆಗೆಯಲಿಲ್ಲ. ಇನ್ನು ಊರಿಗೆಲ್ಲ ತನಗೆ ಬೈದ ಬೈಗುಳವೇ ಹೋಗುತ್ತದೆ ಅಂತ ಬ್ಲೌಸಿನವಳು ಆ ದಿನವೆಲ್ಲ ಮುನಿಸಿಕೊಂಡಂತೆ ನಟಿಸಿದಳು.

ಕಂಪನಿಗೆ ಹೋದ ದಿನ ಮಗುವನ್ನು ನನ್ನ ಹತ್ತಿರ ಬಿಟ್ಟಳು. ಬಿಸಿಲೆಂದರೆ ಬಿಸಿಲು, ಆಕಾಶದಲ್ಲಿ ಹಿಡಿ ಮೋಡವಿಲ್ಲ. ಹನ್ನೆರಡು ಗಂಟೆ ಸುಮಾರಿಗೆ ಮಗುವಿಗೆ ಅನ್ನ ಕಲಸುತ್ತಿದ್ದೆ. ಫೋನು ಬಂತು. ಎತ್ತಿದರೆ ನಾನೇ ನನ್ನನ್ನು ಗದರಿಸುತ್ತಿದ್ದೇನೆ.

ಅನ್ನದ ತಟ್ಟೆ ಹಾಗೇ ಇಟ್ಟು, ಮಗುವನ್ನು ಸೊಂಟಕ್ಕೇರಿಸಿ, ತಾರಸಿಗೆ ಓಡಿದೆ. ಬ್ಲೌಸಿನವಳು ಕುತ್ತಿಗೆಯ ಟೇಪಿನ ಸಮೇತ ನನಗಿಂತ ಮೊದಲೇ ಬಂದಿದ್ದಳು. ಇಬ್ಬರೂ ಅರ್ಧ ಒಣಗಿದ ಬಟ್ಟೆಗಳನ್ನೆಲ್ಲ ಬಾಚಿ ಕೆಳಗೆ ತಂದೆವು. ತಂದ ಮೇಲೆ ಅವಳು ಆಕಾಶ ನೋಡಿದಳು, ನನ್ನನ್ನು ನೋಡಿದಳು.

"ಓನರಮ್ಮ, ಮಳೆ ಎಲ್ಲೈತೆ?"

ನನಗೂ ಆಗಲೇ ತಲೆಗೆ ಹೋದದ್ದು. ಅಷ್ಟರಲ್ಲಿ ಫೋನು ಮತ್ತೆ ಬಂತು. ಈ ಸಲ ಹುಡುಗಿಯೇ. ಮಾಡಿ ತೋರಿಸಿ ಅಂದರಂತೆ; ತನ್ನ ಫೋನಿಗೆ ಮಾತ್ರ ಬರಬೇಕಾಗಿದ್ದ ಕರೆ, ಹೆಸರಿನ ಪಟ್ಟಿ ಬದಲಿಸಲು ಮರೆತದ್ದರಿಂದ ಎಲ್ಲರಿಗೂ ಹೋಗಿಬಿಟ್ಟಿದೆ. ನನ್ನ ಕೂಗು ಕೇಳಿ ಅವರೆಲ್ಲ ನಕ್ಕಿದ್ದಾರೆ, ಆದರೆ ಒಬ್ಬ ದೊಡ್ಡವರು ಮಾತ್ರ, ಒಂದು ಸಲ ಸುಳ್ಳಾದರೆ ಇನ್ನು ಇದನ್ನು ಯಾರು ನಂಬುತ್ತಾರೆ ಅಂತ ಕೇಳಿದ್ದಾರೆ. ಅವರೂ ಕೇಳಿಸಿಕೊಳ್ಳುತ್ತಿದ್ದಾರೆ ಅಂತ ಹೇಳಿ, ಫೋನು ಬಂದಾಗ ಏನು ಮಾಡಿದಿರಿ ಅಂತ ಕೇಳಿದಳು.

ಕೇಳಿಸಿಕೊಳ್ಳುತ್ತಿದ್ದಾರೆ ಅಂದ ಕೂಡಲೇ ಮುಖಕ್ಕೆ ಅಡ್ಡ ಹಿಡಿಯಲು ಏನಾದರೂ ಇದೆಯೇ ಅಂತ ಸುತ್ತ ನೋಡಿದೆ. ಮಗು ನನ್ನ ಮೂಗುಬೊಟ್ಟು ಹಿಡಿದು ಎಳೆಯುತ್ತಿತ್ತು. ಸ್ಲೇಟು ಇರಲಿಲ್ಲ.

"ಬಟ್ಟೆ ತಂದೆ" ಅಂದೆ.

ಯಾರೋ ಗಂಡಸಿನ ದನಿ, "ಬಿಸಿಲಿತ್ತಲ್ಲ ಅಮ್ಮ, ಆಚೆ ನೋಡ್ಲಿಲ್ವಾ?" ಅಂತು.

"ನೋಡ್ದೆ ಸಾಮಿ. ನಾನೇ ಏಳಿದ್ ಮ್ಯಾಕೆ ಎಂಗೆ ಬಿಡೋದು?"

ಅತ್ತಲಿಂದ ಬಹಳ ಜನ ಒಟ್ಟಿಗೆ ನಕ್ಕ ಸದ್ದು. ಕೆಟ್ಟ ನಗುವಲ್ಲ. ಬ್ಲೌಸಿನವಳು ನನ್ನ ಕೈಯಿಂದ ಫೋನು ಇಸಿದುಕೊಂಡು, ಸುಳ್ಳಾದರೂ ಪರವಾಗಿಲ್ಲ, ನೆನೆದ ಬಟ್ಟೆಗಿಂತ ಮೇಲು, ತಾನು ಮುಂದಿನ ಸಲವೂ ಎತ್ತುತ್ತೇನೆ, ಎತ್ತದಿದ್ದರೆ ಓನರಮ್ಮ ಮನೆ ಖಾಲಿ ಮಾಡಿಸುತ್ತಾರೆ ಅಂತ ಅವರಿಗೆ ಹೇಳಿ ಇಟ್ಟಳು.

ಮೂರು ಗಂಟೆಗೆ ಹುಡುಗಿ ಬಸ್ಸಿಳಿದು ಬಂದಳು. ಕೆಲಸ ಸಿಕ್ಕಿತು ಅಂತ ಹೇಳಲಿಲ್ಲ. ಕಾಲು ತೊಳೆದು, ನೀರು ಕುಡಿದು, ನಿದ್ದೆ ಹೋಗಿದ್ದ ಮಗಳ ಪಕ್ಕ ಕೂತು, ಸೋಮವಾರದಿಂದ ಒಂಬತ್ತಕ್ಕೆ ಬಿಟ್ಟರೆ ಸಂಜೆ ಆರರವರೆಗೆ ಇವಳನ್ನು ನೋಡಿಕೊಳ್ಳುತ್ತೀರಾ ಅಂತ ಕೇಳಿದಳು. ಹೂಂ ಅಂದೆ. ನನಗೆ ಅದಕ್ಕಿಂತ ಹೆಚ್ಚು ಮಾತು ಬರುವುದಿಲ್ಲವೆಂದು ಅವಳಿಗೆ ಗೊತ್ತಿತ್ತು.

ಬಟ್ಟೆಗಳಿನ್ನೂ ನಡುಮನೆಯಲ್ಲಿ ಗುಡ್ಡೆಯಾಗಿ ಬಿದ್ದಿದ್ದವು. ಇಬ್ಬರೂ ಅವನ್ನು ಹೊತ್ತುಕೊಂಡು ಮೇಲೆ ಹೋಗಿ, ಇಳಿಬಿಸಿಲಿಗೆ ಮತ್ತೆ ಹಾಕಿದೆವು. ದಾರಿಯಲ್ಲಿ ಆ ರಟ್ಟಿನ ಪೆಟ್ಟಿಗೆ ಅಡ್ಡ ಬಂತು. ಅವಳು ಅದನ್ನು ಕಾಲಿನಿಂದ ಸರಿಸಿದಳು. ನಾನು ಅದರೊಳಗೆ ಕ್ಲಿಪ್ಪುಗಳನ್ನು ಹಾಕಿ ತಾರಸಿಯ ಬಾಗಿಲ ಹಿಂದೆ ಇಟ್ಟೆ. ನೀವು ಬಣ್ಣಬಣ್ಣದ ಕ್ಲಿಪ್ಪು ಆಡಲು ಕದಿಯುತ್ತಿದ್ದದ್ದು ಅದರಿಂದಲೇ.