ಶೈಲಾಗೆ ಹೇಳುವವರು ಯಾರು

ನಮ್ಮ ಶೈಲಾಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ, ಮಾತೂ ಇಲ್ಲ. ನಾನು ಅವಳ ಸೋದರತ್ತೆ. ಗಂಡ ತೀರಿಕೊಂಡ ಮೇಲೆ ಅಂಕಲಿಯ ತವರಿಗೆ ಬಂದು ಉಳಿದವಳು. ನಮ್ಮಣ್ಣ ಬಾಬಾಸಾಹೇಬನಿಗೆ ಹೊಳೆದಂಡೆಯಲ್ಲಿ ಕಬ್ಬಿನ ಹೊಲ, ದೊಡ್ಡ ಮನೆ, ಅದಕ್ಕಿಂತ ದೊಡ್ಡ ಮೀಸೆ. ಇಷ್ಟೆಲ್ಲ ಇದ್ದ ಮನೆಯಲ್ಲಿ ಆ ಹುಡುಗಿಯ ಜೊತೆ ಮಾತಾಡಲು ನಮಗೆ ಗೊತ್ತಿದ್ದದ್ದು ಉಣ್ಣು, ಬಾ, ಮಲಗು, ಸುಮ್ಮನಿರು ಎಂಬ ಸನ್ನೆಗಳಷ್ಟೇ. ಅದರಲ್ಲೇ ಅವಳನ್ನು ಹದಿನೇಳು ವರ್ಷದವಳನ್ನಾಗಿ ಮಾಡಿಬಿಟ್ಟಿದ್ದೆವು.

ಎರಡು ಸಾವಿರದ ಹನ್ನೊಂದರಲ್ಲಿ ನೀಲಮ ಬಂದಳು. ಬೌದ್ಧರಾದ ದಲಿತರ ಓಣಿಯ ಅಕ್ಕುತಾಯಿಯ ಮಗಳು, ಚಿಕ್ಕೋಡಿಯ ಕಾಲೇಜಿನಲ್ಲಿ ಖೋ ಖೋ ಆಡುವವಳು. ಭಾನುವಾರ ಬಂತೆಂದರೆ ತನ್ನ ತಂಡದ ಹುಡುಗಿಯರನ್ನು ಕಟ್ಟಿಕೊಂಡು ಸಾಲಿ ಮೈದಾನಕ್ಕೆ ಬರುತ್ತಿದ್ದಳು. ಪೋಲಿಯೋ ಕಾಲಿನ ಭರಮು, ನಮ್ಮ ಶೈಲಾ, ಇಂಥವರನ್ನೆಲ್ಲ ಮನೆಮನೆಗೆ ಹೋಗಿ ಕರೆತಂದು ತಮ್ಮ ಜೊತೆಗೇ ಆಡಿಸುತ್ತಿದ್ದಳು. ಆ ಆಟದಲ್ಲಿ ಸಾಲಾಗಿ ಕೂತವರ ಬೆನ್ನು ಮುಟ್ಟಿ 'ಖೋ' ಎಂದು ಕೂಗಬೇಕು, ಆಗ ಅವರು ಎದ್ದು ಓಡಬೇಕು. ನೀಲಮ ಕೂಗನ್ನೇ ತೆಗೆದುಹಾಕಿದಳು. ಯಾರೂ ಬಾಯಿ ಬಿಡುವಂತಿಲ್ಲ, ಬೆನ್ನ ಮೇಲೆ ಕೈ ಬಿದ್ದರೆ ಎದ್ದು ಓಡುವುದು. ಕಿವಿ ಇದ್ದವರೂ ಹಾಗೇ ಆಡಬೇಕು.

ಶೈಲಾ ಓಡುವುದನ್ನು ನಾನು ಆಗಲೇ ಮೊದಲು ನೋಡಿದ್ದು. ಏನು ಹೇಳಲಿ, ಕಣ್ಣು ತುಂಬಿ ಬಂತು. ನೀಲಮ ಎಲ್ಲಿ ಕಲಿತಿದ್ದಳೋ, ಅವಳೊಂದಿಗೆ ಕೈಸನ್ನೆಯಲ್ಲೇ ಗಂಟೆಗಟ್ಟಲೆ ಹರಟುತ್ತಿದ್ದಳು. ಶೈಲಾ ಎಲ್ಲರಿಗೂ ಹೆಸರಿಟ್ಟಳು. ಮೀಸೆ ತಿರುವಿದರೆ ಅಪ್ಪ. ತನ್ನ ಬೆನ್ನು ತಾನೇ ತಟ್ಟಿಕೊಂಡರೆ ನೀಲಮ.

ಅಣ್ಣನಿಗೆ ಇದು ಸೇರಲಿಲ್ಲ. ಒಂದು ಭಾನುವಾರ ಮೈದಾನಕ್ಕೇ ಹೋಗಿ, ವಯಸ್ಸಿಗೆ ಬಂದ ಹುಡುಗಿಯನ್ನು ಊರ ಮುಂದೆ ಓಡಿಸಬೇಡ, ನಾಳೆ ಲಗ್ನ ಆಗಬೇಕು ಎಂದು ನೀಲಮಳ ಮೇಲೆ ಹರಿಹಾಯ್ದ. ಮಾತು ಕೇಳಿಸದಿದ್ದರೂ ಶೈಲಾ ಅಪ್ಪನ ಮುಖ ನೋಡಿದ್ದಳು.

ಅದೇ ವಾರ, ಕಾಲೇಜಿನಿಂದ ಸ್ಕೂಟಿಯಲ್ಲಿ ಬರುತ್ತಿದ್ದ ನೀಲಮ ಸಂಜೆಗತ್ತಲಲ್ಲಿ ರಸ್ತೆ ಬದಿ ನಿಂತಿದ್ದ ಕಬ್ಬಿನ ಟ್ರಾಲಿಗೆ ಹೊಡೆದು ಸತ್ತಳು. ಟ್ರಾಲಿಯ ಹಿಂದೆ ಒಂದು ದೀಪವೂ ಇರಲಿಲ್ಲವಂತೆ. ಇಪ್ಪತ್ತು ವರ್ಷದ ಹುಡುಗಿ.

ಊರಿಗೆ ಊರೇ ಅವಳ ಮಣ್ಣಿಗೆ ಹೋಯಿತು. ಶೈಲಾಳನ್ನು ಮಾತ್ರ ಅಣ್ಣ ಕಳಿಸಲಿಲ್ಲ.

"ಆಕಿಗೇನ್ ಕೇಳಸ್ತೈತಿ? ಹೇಳ್ಲಿಲ್ಲಂದ್ರ ಗೊತ್ತಾಗಂಗಿಲ್ಲ. ಆಕಿ ಮುಂದ ಯಾರೂ ಅಳಬ್ಯಾಡ್ರಿ," ಅಂದ.

ಅವನ ಬುದ್ಧಿಗಿಷ್ಟು ಬೆಂಕಿ ಹಾಕ. ನಮ್ಮ ವೈನಿ, ಶೈಲಾಳ ಅವ್ವ ಕಸ್ತೂರೆವ್ವನೂ ತಲೆಯಾಡಿಸಿದಳು. ಹೇಳೋಣವೆಂದರೂ ಹೇಗೆ ಹೇಳುವುದು? ಸಾವಿಗೆ ನಮ್ಮ ಮನೆಯಲ್ಲಿ ಸನ್ನೆಯೇ ಇರಲಿಲ್ಲ. ಇದ್ದರೆ ಅದು ಗೊತ್ತಿದ್ದವಳು ನೀಲಮ ಒಬ್ಬಳೇ.

ಭಾನುವಾರ ಶೈಲಾ ತಲೆ ಬಾಚಿಕೊಂಡು ಮೈದಾನಕ್ಕೆ ಹೋದಳು. ಯಾರೂ ಬರಲಿಲ್ಲ. ಮರುವಾರವೂ ಹೋದಳು. ಮನೆಗೆ ಬಂದವಳು ಅಪ್ಪನೆದುರು ನಿಂತು ಬೆನ್ನು ತಟ್ಟಿಕೊಂಡಳು, ಮೀಸೆ ತಿರುವಿದಳು, ಆಮೇಲೆ ಎರಡೂ ಕೈಯಿಂದ ಗಾಳಿಯನ್ನು ದಬ್ಬಿದಳು. ಅಪ್ಪನೇ ನೀಲಮಳನ್ನು ಓಡಿಸಿದ್ದಾನೆ ಎಂದು ತಿಳಿದಿದ್ದಳು ಪಾಪ. ಅಣ್ಣ ಮುಖ ತಿರುಗಿಸಿ ಹೊಲಕ್ಕೆ ಹೊರಟ. ಅಂದಿನಿಂದ ಅವಳು ಅಪ್ಪನ ಜೊತೆ ಉಣ್ಣಲು ಕೂಡಲಿಲ್ಲ. ಯಾರು ತಟ್ಟೆ ಇಟ್ಟರೂ ಅತ್ತ ಸರಿಸುತ್ತಿದ್ದಳು. ಹುಡುಗಿ ಒಣಗಿ ಕಡ್ಡಿಯಾದಳು.

ನನಗೆ ತಡೆಯಲಾಗಲಿಲ್ಲ. ಒಂದು ಮಧ್ಯಾಹ್ನ ಯಾರಿಗೂ ಹೇಳದೆ ಅವಳ ಕೈ ಹಿಡಿದು ಅಕ್ಕುತಾಯಿಯ ಮನೆಗೆ ನಡೆದೆ. ಅದೇ ಊರಲ್ಲಿ ಹುಟ್ಟಿ ಬೆಳೆದ ನಾನು ಆ ಓಣಿಗೆ ಕಾಲಿಟ್ಟದ್ದು ಅದೇ ಮೊದಲು.

"ಬರ್ರಿ ಅಕ್ಕಾರ," ಎಂದು ಅಕ್ಕುತಾಯಿ ಚಾಪೆ ಹಾಸಿದಳು. ಶೈಲಾ ಕೂಡಲಿಲ್ಲ. ಒಳಗೆಲ್ಲ ಕಣ್ಣಾಡಿಸಿ ನೀಲಮಳನ್ನು ಹುಡುಕಿದಳು. ಗೋಡೆಯ ಮೇಲಿನ ಫೋಟೋ ನೋಡಿ ನಕ್ಕಳು. ಆಮೇಲೆ ಅದಕ್ಕೆ ಹಾಕಿದ್ದ ಹಾರ ಕಂಡಿತು.

ಹಾರವೆಂದರೇನೆಂದು ಅವಳಿಗೆ ಗೊತ್ತಿತ್ತು. ನಮ್ಮ ಮನೆಯಲ್ಲೂ ಅಜ್ಜನ ಫೋಟೋಗೆ ಹಾಕಿದ್ದೇವಲ್ಲ. ಅಕ್ಕುತಾಯಿಯ ಕಡೆ ತಿರುಗಿದಳು. ಅಕ್ಕುತಾಯಿ ಹೌದೆಂದು ತಲೆಯಾಡಿಸಿ, ಅವಳನ್ನು ಎದೆಗೆ ಅವಚಿಕೊಂಡು ಅತ್ತಳು.

ಶೈಲಾ ಅಳಲಿಲ್ಲ. ಮನೆಗೆ ಬಂದಾಗ ಎಲ್ಲರೂ ಪಡಸಾಲೆಯಲ್ಲಿದ್ದರು. ಅಪ್ಪನ ಕಡೆ ಬೆರಳು ತೋರಿಸಿದಳು. ಅವ್ವನ ಕಡೆ ತೋರಿಸಿದಳು. ನನ್ನ ಕಡೆಯೂ ತೋರಿಸಿದಳು. ಕೊನೆಗೆ ತನ್ನ ಎದೆ ಮುಟ್ಟಿಕೊಂಡು, ಇಲ್ಲವೆಂದು ಕೈ ಆಡಿಸಿದಳು. ನಿಮಗೆಲ್ಲ ಗೊತ್ತಿತ್ತು, ನನಗೊಬ್ಬಳಿಗೇ ಇಲ್ಲ.

ಅಣ್ಣ ಎದ್ದು ಅವಳೆದುರು ಹೋದ. ಏನೋ ಹೇಳಬೇಕೆಂದು ಎರಡೂ ಕೈ ಎತ್ತಿದ. ಎತ್ತಿದ ಕೈಗಳನ್ನು ಏನು ಮಾಡಬೇಕೆಂದು ಅವನಿಗೆ ತಿಳಿಯಲಿಲ್ಲ.