ನಿಪ್ಪಾಣಿಯಿಂದ ಬಂದ ಜವಾಬು

ಪುಣೆಯ ಭವಾನಿ ಪೇಠೆಯ ಒಂದು ಬೀಡಿ ಕಾರ್ಖಾನೆಯಲ್ಲಿ ರಂಗೂಬಾಯಿ ಎಂಬಾಕೆ ಕೆಲಸ ಮಾಡುತ್ತಿದ್ದಳು. ಯಾವ ಊರವ್ವಾ ನಿನ್ನದು ಎಂದು ಕೇಳಿದರೆ ಒಮ್ಮೆ ಮಿರಜ ಎನ್ನುವಳು, ಇನ್ನೊಮ್ಮೆ ಸಾಂಗಲಿ. ಗಂಡನ ಸುದ್ದಿ ಎತ್ತಿದರಂತೂ ಮಡಿಲಲ್ಲಿದ್ದ ಮೊರವನ್ನು ಪಟಪಟ ಬಡಿದು, "ಎಲಿ ಒಣಗಾಕ ಹತ್ಯಾವ, ಬಾಯಿ ಬಿಟ್ಟ ಕೈ ಆಡಸ್ರಿ" ಎಂದು ಮುಖ ತಿರುಗಿಸುವಳು. ಕೂತರೆ ಬಾಗಿಲಿಗೆ ಎದುರಾಗಿಯೇ ಕೂರುವಳು. ಹೊಸ ಗಂಡಸಿನ ನೆರಳು ಬಿದ್ದರೆ ಸಾಕು, ಸೆರಗು ಹಣೆಯವರೆಗೆ ಇಳಿಯುತ್ತಿತ್ತು. ಬೀಡಿ ಎಣಿಸುವವನನ್ನು ನಂಬಳು, ಹಾಲಿನವನನ್ನು ನಂಬಳು; ತಾನು ಬಾಡಿಗೆಗಿದ್ದ ವಾಡೆಯ ಮಾಲಕಿ ಕೃಷ್ಣಾಬಾಯಿ ಪ್ರೀತಿಯಿಂದ ಕೊಟ್ಟ ಪುರಣಪೋಳಿಯನ್ನೂ ಮುರಿದು ಮೂಸಿ ನೋಡಿಯೇ ತಿನ್ನುವಳು.

ಹಾಗೆ ಅನುಮಾನಪಡಲು ಆಕೆಗೆ ಕಾರಣವಿತ್ತು. ಆಕೆಯ ಹೆಸರು ರಂಗೂಬಾಯಿಯೇ ಅಲ್ಲ, ಚನ್ನಬಸವ್ವ. ಊರು ನಿಪ್ಪಾಣಿ. ಗಂಡ ಸಿದ್ದಲಿಂಗಪ್ಪ ಅಲ್ಲಿನ ತಂಬಾಕು ತುಂಬಿಡುವ ವಖಾರಿಯಲ್ಲಿ ಚೀಲ ತೂಗುವವನು. ವಖಾರಿಯಲ್ಲಿ ಸಾಹುಕಾರನ ಮುಂದೆ ಬೆಣ್ಣೆ, ಮನೆಯಲ್ಲಿ ಬೆಂಕಿ. ಸಾರಿಗೆ ಉಪ್ಪು ಹೆಚ್ಚಾದರೂ ಏಟು, ಕಡಿಮೆಯಾದರೂ ಏಟು. "ನನ್ನ ಬಿಟ್ಟ ಹೋದಿ ಅಂದ್ರ ಯಾವ ಊರಾಗಿದ್ರೂ ಹುಡುಕಿ, ಕೂದಲಾ ಹಿಡದ ಎಳಕೊಂಡ ಬರ್ತೀನಿ" ಎಂಬುದು ಅವನ ನಿತ್ಯದ ಮಾತು. ಒಂದು ಮಧ್ಯಾಹ್ನ ಅವನು ಕೆಲಸಕ್ಕೆ ಹೋದ ಮೇಲೆ ಚನ್ನಬಸವ್ವ ಕೊಡದಲ್ಲಿದ್ದ ನೀರನ್ನೆಲ್ಲ ಅಂಗಳಕ್ಕೆ ಚೆಲ್ಲಿ, ಕೊಡವನ್ನು ಬೋರಲು ಹಾಕಿ, ಬರಿಗೈಯಲ್ಲಿ ಹೊರಬಿದ್ದಳು. ತಾನು ಸೇದಿ ತಂದ ನೀರು ಇನ್ನು ಆ ಬಾಯಿಗೆ ಬೀಳಬಾರದು ಎಂಬ ಸಿಟ್ಟು, ಅಷ್ಟೇ. ಆ ಕೊಡದ ಸಂಗತಿಯನ್ನು ಆಕೆ ಯಾರ ಮುಂದೆಯೂ ಬಾಯಿಬಿಟ್ಟಿರಲಿಲ್ಲ.

ಪುಣೆಗೆ ಬಂದು ಹೆಸರು ಬದಲಿಸಿದಳು, ಮರಾಠಿ ಕಲಿತಳು, ವರ್ಷಗಳು ಉರುಳಿದವು. ಎಲ್ಲವನ್ನೂ ಮುಚ್ಚಿಟ್ಟವಳಿಗೆ ಹಾಡನ್ನು ಮಾತ್ರ ಮುಚ್ಚಿಡಲಾಗಲಿಲ್ಲ. ಆಕೆಯ ಅಪ್ಪ ಗೀಗೀ ಮೇಳದಲ್ಲಿ ದಪ್ಪು ಬಾರಿಸಿ ಪದ ಕಟ್ಟುತ್ತಿದ್ದವನು. ಮಗಳಿಗೆ ಅಕ್ಷರ ಬಾರದಿದ್ದರೂ ಪದ ಬರುತ್ತಿತ್ತು. ಬೀಡಿ ಸುತ್ತುವ ಹೆಂಗಸರಲ್ಲಿ ಬೆಳಗಾವಿ, ವಿಜಾಪುರದ ಕಡೆಯವರು ಕೆಲವರಿದ್ದರು. ಹಾಡಿದ್ದರೆ ಕೈ ಓಡುತ್ತದೆ ಎಂದು ಅವರು ಗಂಟುಬಿದ್ದಾಗ ಆಕೆ ಗಂಡನನ್ನು ಬಿಟ್ಟು ಹೋಗುವ ಹೆಣ್ಣಿನ ಪದವೊಂದನ್ನು ಕಟ್ಟತೊಡಗಿದಳು. ನೋಡಿ ಈಕೆಯ ಜಾಣತನ! ಊರು ಕೇಳಿದರೆ ಸುಳ್ಳು ಹೇಳುವವಳು ತನ್ನ ಬಾಳನ್ನೇ ರಾಗ ಹಾಕಿ ಬೀದಿಗೆ ಕೇಳುವಂತೆ ಹಾಡುತ್ತಿದ್ದಳು. ಲೋಕದ ಮೇಲೆಲ್ಲ ಅನುಮಾನ, ತನ್ನ ಬಾಯಿಯ ಮೇಲೆ ಮಾತ್ರ ಇಲ್ಲ.

ಹೊಂಟೀನಿ ಹಗಲಾಗ, ಕದ್ದೇನ ಹೊಂಟಿಲ್ಲ
ಗಂಟಮೂಟಿ ನನ್ನ ಕೈಯಾಗಿಲ್ಲ
ಕುಂಟನೆಪ ಹೇಳಬ್ಯಾಡ ಕೂಡಿ ಬಾಳೋಣಂತ
ನಂಟ ಹರದೈತಿ, ಇನ್ನ ಹೊಲಿಯೂದಿಲ್ಲ

ಕಾರ್ಖಾನೆಗೆ ತಂಬಾಕಿನ ಚೀಲಗಳು ಬರುತ್ತಿದ್ದುದು ನಿಪ್ಪಾಣಿಯಿಂದಲೇ. ಮೊದಲು ಚಕ್ಕಡಿಯಲ್ಲಿ ದೂರದ ಸ್ಟೇಶನ್ನಿಗೆ ಹೋಗಿ ಅಲ್ಲಿಂದ ರೈಲಿನಲ್ಲಿ ಬರುತ್ತಿದ್ದವು. ಆಮೇಲೆ ಪಂಢರಿನಾಥನೆಂಬವನು ಮೋಟಾರು ಲಾರಿಯಲ್ಲಿ ತರತೊಡಗಿದ. ಅವನು ಕನ್ನಡ, ಮರಾಠಿ ಎರಡನ್ನೂ ಸಲೀಸಾಗಿ ಆಡುವ ಮಾತುಗಾರ. ಒಮ್ಮೆ ಕೇಳಿದ ಪದ ಅವನ ತಲೆಯಲ್ಲಿ ಕೂತುಬಿಡುತ್ತಿತ್ತು. ಚೀಲ ಇಳಿಸುವಾಗ ಕೇಳಿದ ಆ ನುಡಿಯನ್ನು ಕಾತ್ರಜ ಘಾಟಿನಿಂದ ನಿಪ್ಪಾಣಿಯವರೆಗೆ ಹಾಡಿಕೊಂಡು ಹೋದ. ಮುಂದಿನ ಸಲ ಬಂದವನು ಚೀಲ ಇಳಿಸುವ ಮೊದಲೇ ಹಲ್ಲು ಕಿರಿದ.

"ರಂಗೂಬಾಯಿ, ನಿಮ್ಮ ಪದಕ್ಕ ನಿಪ್ಪಾಣಿಯಿಂದ ಜವಾಬ ಬಂದೈತ್ರಿ. ಗಂಡನ ಮಾತ ಅಲ್ಲಿಯವರ ಕಟ್ಯಾರ" ಎಂದು ನಿಂತಲ್ಲೇ ಹಾಡಿದ.

ಹೋಗಾಕಿ ಹೋಗ ನೀ, ಹೊಳ್ಳಿ ನೋಡಲಿ ಬ್ಯಾಡ
ಬಾಗಲಾ ನನದೈತಿ, ಬೀದಿ ನಿನದು
ಸಾಗೂ ದಾರ್ಯಾಗ ಹಸದರ ನೆನಸ ನೀ
ಕೂಗಿ ಕರದ ಅನ್ನ ಹಾಕಿದ ಕೈ ಯಾರದು

ಹೆಂಗಸರೆಲ್ಲ ಭಲೆ ಎಂದರು. ರಂಗೂಬಾಯಿ ನಿಪ್ಪಾಣಿ ಎಂಬ ಹೆಸರು ಕೇಳಿಯೇ ಸೆರಗನ್ನು ಹಣೆಯವರೆಗೆ ಎಳೆದುಕೊಂಡಳು. "ಯಾರ ಕಟ್ಟಿದ್ದ?" ಎಂದಳು.

"ಅಪ್ಪಾಸಾಹೇಬ ಅಂತ, ವಖಾರಿಯಾಗ ಹಮಾಲಿ ಮಾಡ್ತಾನ. ಭಾರೀ ಹಾಡಗಾರ."

ಬೇಡ, ಇಷ್ಟಕ್ಕೇ ಸಾಕು ಎಂದು ಮನಸ್ಸು ಹೇಳಿತು. ಆದರೆ ಪದ ಕಟ್ಟುವವರ ಹಣೆಬರಹವೇ ಅಷ್ಟು, ಸವಾಲು ಬಂದರೆ ಜವಾಬು ಕೊಡದೆ ಅನ್ನ ಸೇರುವುದಿಲ್ಲ. ಆಕೆ ಕೊಟ್ಟಳು. ಅಲ್ಲಿಂದ ಮತ್ತೆ ಬಂತು. ಮಳೆಗಾಲ ಮುಗಿಯುವ ಹೊತ್ತಿಗೆ ಹೆಂಡತಿಯ ನುಡಿ ಪುಣೆಯಲ್ಲಿ, ಗಂಡನ ನುಡಿ ನಿಪ್ಪಾಣಿಯಲ್ಲಿ ಹುಟ್ಟಿ, ಲಾರಿಯಲ್ಲಿ ತಂಬಾಕಿನ ಜೊತೆ ಓಡಾಡಿ, ಪದ ಸೊಗಸಾಗಿ ಬೆಳೆಯಿತು. ಆಕೆ ಹೆದರುತ್ತಲೇ ಖುಷಿಪಡುತ್ತಿದ್ದಳು. ಯಾರೋ ಕಾಣದ ಊರಲ್ಲಿ ಕೂತು ತನ್ನ ಒಂದೊಂದು ಮಾತನ್ನೂ ತೂಗಿ ನೋಡುತ್ತಿದ್ದಾರೆ ಎಂಬುದು ಆಕೆಯ ಬಾಳಿನಲ್ಲಿ ಹೊಸದು.

ದೀಪಾವಳಿಯ ಹಿಂದೆ ಮುಂದೆ ಪಂಢರಿನಾಥ ತಂದ ನುಡಿ ಹೀಗಿತ್ತು:

ಕೊಡಾನ ಬರಿದ ಮಾಡಿ ಬೋರಲ ಹಾಕಿದಿ
ಕುಡಿಯಾಕ ಹನಿ ನೀರ ಉಳಸಲಿಲ್ಲ
ಮಡದಿ ಇಲ್ಲದ ಮನಿಯಾಗ ಒಲಿಯ ಹೊತ್ತಲೆ ಇಲ್ಲ
ಕೊಡಾನ ನಾ ಇನ್ನೂ ಎತ್ತಲಿಲ್ಲ

ರಂಗೂಬಾಯಿಯ ಮಡಿಲಿನ ಮೊರ ನೆಲಕ್ಕೆ ಬಿತ್ತು. ತಂಬಾಕು ಚೆಲ್ಲಾಪಿಲ್ಲಿಯಾಯಿತು. ಪಕ್ಕದವಳು ಬಯ್ಯುತ್ತ ಬಳಿದು ಕೊಟ್ಟಳು. ಈಕೆಗೆ ಅದೂ ಕೇಳಲಿಲ್ಲ. ಕೊಡದ ವಿಷಯ ಗೊತ್ತಿರುವುದು ಇಬ್ಬರಿಗೇ: ಬೋರಲು ಹಾಕಿದವಳಿಗೆ, ಬಂದು ನೋಡಿದವನಿಗೆ. ಹಾಗಾದರೆ ಅಪ್ಪಾಸಾಹೇಬನೂ ಇಲ್ಲ, ಹಮಾಲನೂ ಇಲ್ಲ. ಗಂಡನೇ ಇಷ್ಟು ದಿನ ಸಿಹಿ ಸಿಹಿ ಪದ ಕಟ್ಟಿ ಗಾಳ ಹಾಕಿದ್ದಾನೆ. ಇನ್ನೂ ಕೊಡ ಎತ್ತಿಲ್ಲವಂತೆ! ಅದನ್ನು ಕೇಳಿ ಒಂದು ಗಳಿಗೆ ಕರುಳು ಚುರಕ್ ಎಂದದ್ದಕ್ಕೆ ಆಕೆಗೆ ತನ್ನ ಮೇಲೆಯೇ ಅಸಹ್ಯವಾಯಿತು.

"ಪಂಢರಿ, ಆ ಅಪ್ಪಾಸಾಹೇಬ ನೋಡಾಕ ಹೆಂಗ ಅದಾನ?" ಎಂದು ಸಹಜವೆಂಬಂತೆ ಕೇಳಿದಳು.

"ಹೆಂಗ ಅಂದ್ರ... ಕಟ್ಟುಮಸ್ತ ಆಳ. ಇಷ್ಟ ದಪ್ಪ ಮೀಸಿ."

ಮುಂದಿನ ಸಲ ಅವನು ಬಂದಾಗ ಅದನ್ನೇ ಬೇರೆ ದಾರಿಯಿಂದ ಕೇಳಿದಳು: "ಪಾಪ, ಅಪ್ಪಾಸಾಹೇಬಗ ವಯಸ್ಸಾಗಿರಬೇಕು, ಅಲ್ಲ?"

"ಹೌದ್ರಿ, ಭಾಳ ಮುದುಕ. ಸೊಂಟಾ ಬಾಗೈತಿ."

"ಮುದುಕ ಸೊಂಟಾ ಬಗ್ಗಿಸಿಕೊಂಡ ಚೀಲಾ ಹೊರತಾನೇನು?"

ಪಂಢರಿನಾಥ ತಲೆ ಕೆರೆದುಕೊಂಡು ಲಾರಿಗೆ ನೀರು ಹಾಕಬೇಕೆಂದು ಹೊರಟುಹೋದ. ಆಕೆಗೆ ಇನ್ನೇನು ಬೇಕು! ಲಾರಿ ಬರುವ ದಿನ ಗೋಡೆಯ ಮರೆಗೆ ಕೂರತೊಡಗಿದಳು. ಎಲೆ ಕತ್ತರಿಸುವ ಕತ್ತರಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಮನೆಗೆ ಹೋಗುವಳು. ಊರು ಬಿಟ್ಟು ಮುಂಬಯಿಗೆ ಹೋಗಿಬಿಡಲೇ ಎಂದು ಕೃಷ್ಣಾಬಾಯಿಯನ್ನು ಕೇಳಿದಳು. ಕಾರಣ ಮಾತ್ರ ಹೇಳಲಿಲ್ಲ. ಆದರೆ ಗಂಡ ಕರೆದುಕೊಂಡು ಹೋಗಲು ಬರುವವನೇ ಆಗಿದ್ದರೆ ಇಷ್ಟರಲ್ಲಿ ಬರಬೇಕಿತ್ತಲ್ಲ? ಯಾಕೆ ಬರಲಿಲ್ಲ? ಈ ಪ್ರಶ್ನೆ ಆಕೆಯನ್ನು ಹೋಗಗೊಡಲಿಲ್ಲ. ಬಂದರೆ ಎಂಬ ಹೆದರಿಕೆ ಒಂದು ಕಡೆ, ಬಾರದ್ದು ಯಾಕೆಂಬ ಗುಮಾನಿ ಇನ್ನೊಂದು ಕಡೆ.

ಆಗ ಅಪ್ಪ ಕಲಿಸಿದ ಕಟ್ಟಳೆ ನೆನಪಾಯಿತು. ಪದದ ಕೊನೆಯ ನುಡಿಯಲ್ಲಿ ಕಟ್ಟಿದವರ ಹೆಸರು ಬರಲೇಬೇಕು. ಅಲ್ಲಿ ಸುಳ್ಳು ಹೆಸರು ಹಾಕಿದರೆ ಗಂಟಲು ಕಟ್ಟುತ್ತದೆ ಎಂದು ಮೇಳದವರೆಲ್ಲ ನಂಬಿದ್ದರು. ಬೇರೆ ಎಲ್ಲಿ ಬೇಕಾದರೂ ಸುಳ್ಳು ಹೇಳುವ ಹಾಡುಗಾರ ಆ ಒಂದು ಸಾಲಿನಲ್ಲಿ ಮಾತ್ರ ಹೇಳುತ್ತಿರಲಿಲ್ಲ.

"ಪದಾ ಮುಗಸೋ ಹೊತ್ತಾತು" ಎಂದಳು ಪಂಢರಿನಾಥನಿಗೆ. "ಕೊನೀ ನುಡಿ ಅವರೇ ಕಟ್ಟಲಿ. ಕಟ್ಟಿದವರ ಖರೇ ಹೆಸರ ಅದರಾಗ ಬರಲಿ. ಇಲ್ಲಾಂದ್ರ ಈ ಪದಾ ಇಲ್ಲಿಗೇ ಸತ್ತಂಗ."

ಬಲೆಯನ್ನೇನೋ ಚೆನ್ನಾಗಿಯೇ ಬೀಸಿದಳು. ಪದ ಕಟ್ಟಿದವರು ಇಬ್ಬರು, ಹೆಸರುಗಳೂ ಎರಡು ಬೇಕು ಎಂಬುದು ಮಾತ್ರ ಹೊಳೆದಿರಲಿಲ್ಲ.

ಲಾರಿ ಈ ಸಲ ತಡವಾಗಿ ಬಂತು. ಪಂಢರಿನಾಥ ಎಲ್ಲರ ಮುಂದೆ ಹಾಡಲಿಲ್ಲ. ಆಕೆಯನ್ನು ಚೀಲಗಳ ಸಾಲಿನ ಹಿಂದೆ ಕರೆದ. ಆಕೆ ಸೊಂಟದ ಕತ್ತರಿಯ ಮೇಲೆ ಕೈ ಇಟ್ಟುಕೊಂಡೇ ಹೋದಳು. ಅವನು ದನಿ ತಗ್ಗಿಸಿ ಹೇಳಿದ:

ಗಂಡನ ಮಾತೆಲ್ಲ ಗಂಡ ಕಟ್ಟಿದ್ದಲ್ಲ
ಉಂಡಾಕಿ ಬಲ್ಲಾಳ ಆ ಮನಿಯ ರುಚಿಯ
ಕಂಡದ್ದ ಕಟ್ಟೀನಿ ನಿಪ್ಪಾಣಿ ನಾಗವ್ವ

"ನಾಲ್ಕನೇ ಸಾಲ?" ಎಂದಳು.

"ಅದನ್ನ ನಿಮಗ ಬಿಟ್ಟಾಳ್ರಿ. ನಿಮ್ಮ ಹೆಸರಿಗೆ."

"ಯಾರಿವಳು ನಾಗವ್ವ?"

ಪಂಢರಿನಾಥ ಕಾಲ ಬುಡ ನೋಡಿದ. "ತೂಕದ ಸಿದ್ದಲಿಂಗಪ್ಪನ ಹೇಣ್ತಿ ರೀ. ಎರಡನೇದಾಕಿ. ಮೊದಲನೇದಾಕಿ ಬಿಟ್ಟ ಹೋದ ಮ್ಯಾಲ ಮಾಡಿಕೊಂಡಿದ್ದು. ವಖಾರಿಯಾಗ ತಂಬಾಕ ಹಸನ ಮಾಡಾಕ ಬರತಾಳ. ಅಪ್ಪಾಸಾಹೇಬ ಗಿಪ್ಪಾಸಾಹೇಬ ಯಾರೂ ಇಲ್ಲ. ಆಕೀನ ಹಂಗ ಹೇಳಂದಿದ್ಲು."

ಚನ್ನಬಸವ್ವ ಕತ್ತರಿಯಿಂದ ಕೈ ತೆಗೆದು ಅಲ್ಲೇ ಚೀಲದ ಮೇಲೆ ಕೂತಳು. ಗಂಡನ ಬಾಯಿಯ ಮಾತು ಇಷ್ಟು ಬರಾಬರಿ ಹೇಗೆ ಬರುತ್ತಿತ್ತು ಎಂದು ಈಗ ತಿಳಿಯಿತು. ದಿನಾ ಕೇಳುವವಳೇ ಕಟ್ಟಿದ್ದಳು.

"ಕೊಡದ ಸಂಗತಿ?"

"ಅಂವ ಕುಡದಾಗೆಲ್ಲ ಅದನ್ನೇ ಬಡಕೊತಾನಂತ. 'ಆಕಿ ಕೊಡಾ ಬೋರಲ ಹಾಕಿ ಹೋದ್ಲು, ನೀ ಹಂಗ ಮಾಡಿದ್ರ ಕಾಲ ಮುರೀತೀನಿ' ಅಂತ ಹೊಡೀತಾನಂತ. ನಿಮ್ಮ ಮೊದಲನೇ ನುಡಿ ಕೇಳಿದಾಗ್ಲೇ ಆಕೀಗಿ ಸಂಶೆ ಬಂದಿತ್ತು. ಖರೇನೋ ಸುಳ್ಳೋ ನೋಡಾಕ ಕೊಡದ ನುಡಿ ಕಳಿಸಿದ್ಲು. ಕೇಳಿ ನೀವು ಮೊರಾ ಬೀಳಿಸಿದ್ರಿ ಅಂತ ನಾ ಹೋಗಿ ಹೇಳಿದೆ. ಆಕಿ ಅತ್ಲು. 'ಅಕ್ಕ ಬದುಕ್ಯಾಳ' ಅಂದ್ಲು."

ಅಕ್ಕ. ಆ ಮಾತು ಚನ್ನಬಸವ್ವನಿಗೆ ನಾಟಿತು. ಆದರೂ ಇಷ್ಟು ವರ್ಷ ಸಾಕಿದ ಅನುಮಾನ ಅಷ್ಟು ಸುಲಭಕ್ಕೆ ಬಿಡುತ್ತದೆಯೇ? ಇದೂ ಗಂಡನದೇ ಆಟವಾಗಿದ್ದರೆ? ಹೊಡೆದು ಬಡಿದು ಈ ನಾಗವ್ವನ ಬಾಯಿಂದ ಹಾಡಿಸಿದ್ದರೆ? ತನ್ನ ಹೆಸರು ಈ ಲಾರಿಯವನ ಬಾಯಲ್ಲಿ ನಿಪ್ಪಾಣಿಗೆ ಹೋದರೆ ಮುಚ್ಚಿಟ್ಟದ್ದೆಲ್ಲ ಮುಗಿದಂತೆ. ಕಳಿಸದಿದ್ದರೆ, ತಾನು ತಿಂದ ಏಟನ್ನೇ ತಿನ್ನುತ್ತಿರುವ ಹೆಣ್ಣೊಂದು ಖಾಲಿ ಸಾಲನ್ನು ಹಿಡಿದುಕೊಂಡು ಕಾಯುತ್ತ ಕೂರುತ್ತದೆ. ರಂಗೂಬಾಯಿ ಎಂದು ಹಾಕಿ ಕಳಿಸೋಣವೆಂದರೆ ಅಪ್ಪನ ಕಟ್ಟಳೆ. ಎದುರಿನವಳು ಖರೇ ಹೆಸರು ಹಾಕಿದ ಮೇಲೆ ತಾನು ಸುಳ್ಳು ಹಾಕಲು ಆಕೆಯ ಬಾಯಿ ಏಳಲಿಲ್ಲ.

ಚೀಲಗಳೆಲ್ಲ ಇಳಿಯುವವರೆಗೂ ಆಕೆ ಕೂತೇ ಇದ್ದಳು. ಪಂಢರಿನಾಥ ಲಾರಿ ಹತ್ತುವಾಗ ಎದ್ದು ಬಂದು ಅವನ ತೋಳು ಹಿಡಿದಳು. "ಇದನ್ನ ಆಕೀ ಕಿವ್ಯಾಗಷ್ಟ ಹೇಳಬೇಕು. ಬ್ಯಾರೇದವರ ಕಿವೀಗಿ ಬಿತ್ತಂದ್ರ ನಿನ್ನ ಲಾರಿ ಘಾಟಿನ್ಯಾಗ ಬೀಳಲಿ" ಎಂದು ಶಾಪವನ್ನೂ ಮೊದಲೇ ಹಾಕಿ, ಹೊಳೆಯಲ್ಲಿ ಸಿಕ್ಕವಳನ್ನು ದಂಡೆಗೆ ಕರೆಯುವಂತೆ ಸಾಲು ಹೇಳಿದಳು:

ದಂಡಿ ಹಿಡಿ ಬಾರವ್ವ, ಚನ್ನಬಸವ್ವ ಕಾದಾಳ

ಪಂಢರಿನಾಥ ಹೆಸರು ಕೇಳಿಯೂ ಕೇಳದವನಂತೆ ತಲೆಯಾಡಿಸಿ ಲಾರಿ ಹೊರಡಿಸಿದ.

ಆಮೇಲಿನ ದಿನಗಳು ಹೇಗೆ ಕಳೆದವೋ ಆಕೆಗೇ ಗೊತ್ತು. ಕಡೆಗೊಂದು ಸಂಜೆ ಲಾರಿ ಬಂದು ನಿಂತಿತು. ಪಂಢರಿನಾಥನ ಪಕ್ಕದಿಂದ, ತುಟಿ ಒಡೆದು ಕಪ್ಪಾದ ಒಂದು ಸಣ್ಣ ಹೆಣ್ಣು ಕೆಳಗಿಳಿಯಿತು. ಚನ್ನಬಸವ್ವ ಮೊದಲು ಆಕೆಯ ಮುಖ ನೋಡಲಿಲ್ಲ. ಲಾರಿಯ ಹಿಂದೆ ಹೋಗಿ ಚೀಲಗಳ ಸಂದಿ ನೋಡಿದಳು. ಬೀದಿಯ ಎರಡೂ ತುದಿ ನೋಡಿದಳು. ಯಾರೂ ಇರಲಿಲ್ಲ. ಆಮೇಲೆ ಬಂದು ಎದುರಿಗೆ ನಿಂತಳು.

"ಕೊಡಾ ಬೋರಲ ಹಾಕಿ ಬಂದ್ಯಾ?" ಅದೊಂದೇ ಕೇಳಿದಳು.

"ಇಲ್ಲ ಅಕ್ಕಾ" ಎಂದಳು ನಾಗವ್ವ. "ತುಂಬಿ ಇಟ್ಟ ಬಂದೀನಿ. ನೀವು ಬೋರಲ ಹಾಕಿದ್ದ ನೋಡಿ ಅಂವ ಆಗಿಂದಾಗ್ಲೇ ಹುಡುಕಾಕ ಓಡಿದ್ನಂತ. ತುಂಬಿದ ಕೊಡಾ ನೋಡಿದ್ರ ಇಲ್ಲೇ ಎಲ್ಲೋ ನೆರಿಮನಿಗಿ ಹೋಗ್ಯಾಳ ಅಂತ ನೀರ ಕುಡದ ಮಲಗತಾನ."

ಚನ್ನಬಸವ್ವ ಆಕೆಯ ಕೈ ಹಿಡಿದು ಒಳಗೆ ಕರೆದೊಯ್ದು ತನ್ನ ಜಾಗದಲ್ಲಿ ಕೂರಿಸಿದಳು. ಎಲೆಗೆ ಹೇಗೆ ಕತ್ತರಿ ಹಾಕಬೇಕು, ತಂಬಾಕು ಎಷ್ಟು ಹಿಡಿಯಬೇಕು ಎಂದು ತೋರಿಸಲು ಎದುರಿಗೆ ತಾನೂ ಕೂತಳು. ಹಾಗೆ ಕೂತಾಗ ಅಷ್ಟು ವರ್ಷಗಳಲ್ಲಿ ಮೊದಲ ಸಲ ಆಕೆಯ ಬೆನ್ನು ಬಾಗಿಲ ಕಡೆಗಿತ್ತು.